ಎದೆ ನೋಡಲೋ, ತಲೆ ನೋಡಲೋ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನಗೆ 34 ವರ್ಷ. ಸಂಡೂರು ತಾಲ್ಲೂಕಿನ ಒಂದು ಸ್ಟೀಲ್ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. 12 ವರ್ಷದಿಂದ ಸಿಗರೇಟ್ ಸೇದುತ್ತೇನೆ. ದಿನಕ್ಕೆ ಒಂದು ಪ್ಯಾಕ್ ಬೇಕು, ಎದ್ದ ಕೂಡಲೇ ಒಂದು ಬೇಕೇ ಬೇಕು. ತಿಂಗಳ ಕೊನೆಗೆ ಕೈ ಖಾಲಿ ಆದಾಗ ಬೀಡಿ. ಮೂರು ತಿಂಗಳಿಂದ ಬೆಳಗ್ಗೆ ಕೆಮ್ಮು, ಕಫ. ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ. ಆದರೆ ಕೊರೊನಾ ಟೈಮಲ್ಲಿ ತಂದ ಬೆರಳಿನ ಮಷೀನ್ ಹಚ್ಚಿ ನೋಡಿದರೆ ಆಕ್ಸಿಜನ್ 98 ತೋರಿಸುತ್ತದೆ. ಹಾಗಾಗಿ ಎದೆ ಚೆನ್ನಾಗಿದೆ ಅಂತ ಸುಮ್ಮನಿದ್ದೆ. ಮಗಳು ಕೇಳಿದಳು ಅಂತ ಈ ಯುಗಾದಿಗೆ ಬಿಟ್ಟೆ. ಮೂರನೇ ದಿನಕ್ಕೆ ತಲೆ ಕೆಟ್ಟು ಹೋಯಿತು. ಅದೇ ಮಗಳ ಮೇಲೆ ಕೈ ಎತ್ತಿದೆ. ನಮ್ಮ ಮನೆಯವಳೇ ‘ಹೋಗ್ರೀ, ಒಂದು ಸೇದಿ ಬರ್ರಿ, ನಿಮ್ಮ ಕಾಟ ತಡ್ಕೊಳ್ಳಾಕ ಆಗವಲ್ದು’ ಅಂದಳು. ಸೇದಿದೆ, ಐದು ನಿಮಿಷದಲ್ಲಿ ಮನುಷ್ಯನಾದೆ. ಸಿಗರೇಟಿನಿಂದ ಎದೆ ಹಾಳಾಗುತ್ತದೆ ಅನ್ನೋದು ನನಗೂ ಗೊತ್ತು. ಆದರೆ ನನ್ನ ತಲೆ ಹಿಡಿದಿಟ್ಟಿರೋದು ಅದೇ. ಎದೆ ನೋಡಲೋ, ತಲೆ ನೋಡಲೋ?
— ಹೆಸರು ಬೇಡ, ಬಳ್ಳಾರಿ ಜಿಲ್ಲೆ

ಉತ್ತರ: ಮೂರನೇ ದಿನ ತಲೆ ಕೆಟ್ಟಿತು ಅಂದ್ರಲ್ಲ, ಅಲ್ಲಿಂದಲೇ ಶುರು ಮಾಡೋಣ. ಸಿಗರೇಟ್ ಬಿಟ್ಟವರಿಗೆ ಎರಡನೇ, ಮೂರನೇ ದಿನವೇ ಎಲ್ಲಕ್ಕಿಂತ ಕಷ್ಟದ್ದು. ಸಿಟ್ಟು, ಚಡಪಡಿಕೆ, ನಿದ್ದೆ ಬರದಿರುವುದು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ಸುಮ್ನೆ ಅಳು ಬಂದ ಹಾಗಾಗುವುದು, ಎಲ್ಲ ಆಗ ಜಾಸ್ತಿ. ಆಮೇಲೆ ಒಂದೊಂದಾಗಿ ಇಳಿಯುತ್ತವೆ. ಎರಡರಿಂದ ನಾಲ್ಕು ವಾರದಲ್ಲಿ ಬಹುಪಾಲು ಹೋಗಿಬಿಡುತ್ತವೆ. ಇಳಿಯಲು ಶುರುವಾಗುವ ಹೊತ್ತಿಗೆ ಸರಿಯಾಗಿ ನೀವು ಸೇದಿಬಿಟ್ಟಿರಿ. ಹೀಗಾಗುತ್ತದೆ ಅಂತ ಮೊದಲೇ ನಿಮಗೆ ಯಾರೂ ಹೇಳಿರಲಿಲ್ಲ. ಮನೆಯವರಿಗೂ ಗೊತ್ತಿರಲಿಲ್ಲ. ಇಬ್ಬರೂ ಸೇರಿ ‘ಸಿಗರೇಟ್ ಇಲ್ಲದಿದ್ದರೆ ಈ ಮನುಷ್ಯ ಹೀಗೇ’ ಅಂತ ತೀರ್ಮಾನ ಮಾಡಿಬಿಟ್ಟಿರಿ.

‘ಐದು ನಿಮಿಷದಲ್ಲಿ ಮನುಷ್ಯನಾದೆ’ ಅನ್ನುವುದು ಸುಳ್ಳಲ್ಲ. ಎಳೆದ ಹೊಗೆಯಲ್ಲಿನ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮೆದುಳು ಮುಟ್ಟುತ್ತದೆ. ಅಲ್ಲಿ ಡೋಪಮಿನ್ ಅನ್ನೋ ರಾಸಾಯನಿಕ ಹೊರಗೆ ಬಂದು ಹಾಯೆನಿಸುತ್ತದೆ. ಇದನ್ನೇ ವರ್ಷಗಟ್ಟಲೆ ಮಾಡುತ್ತಾ ಹೋದರೆ ಮೆದುಳಿನಲ್ಲಿ ನಿಕೋಟಿನ್ ಹಿಡಿದುಕೊಳ್ಳುವ ಜಾಗಗಳೇ ಹೆಚ್ಚಾಗುತ್ತವೆ. ಇತ್ತ ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತಿರುತ್ತದೆ. ಇಳಿದಂತೆಲ್ಲ ತಲಬು ಏಳುತ್ತದೆ, ಅದರ ಜೊತೆಗೇ ಸಿಟ್ಟು, ಚಡಪಡಿಕೆ. ಇನ್ನೊಂದು ಹಚ್ಚಿದರೆ ಶಾಂತ. ಮೀಟರ್ ಬಡ್ಡಿಗೆ ಸಾಲ ಕೊಟ್ಟವನು ಬಡ್ಡಿ ಕಟ್ಟೋಕೆ ಮತ್ತೊಂದಿಷ್ಟು ಕೊಟ್ಟಾಗ ದೇವರ ಹಾಗೆ ಕಾಣುತ್ತಾನಲ್ಲ, ಇಲ್ಲಿ ಆಗುತ್ತಿರುವುದು ಅದೇ. ಸಿಗರೇಟ್ ಶಾಂತ ಮಾಡಿದ್ದು ಹಿಂದಿನ ಸಿಗರೇಟ್ ಎಬ್ಬಿಸಿದ ಸಿಟ್ಟನ್ನು.

ನಂಬಿಕೆ ಬರದಿದ್ದರೆ ನಿಮ್ಮ ಕಾರ್ಖಾನೆ ಗೇಟಿನಲ್ಲೇ ನೋಡಿ. ಬೆಂಕಿಪೊಟ್ಟಣ, ಲೈಟರ್ ಒಳಗೆ ಬಿಡುವುದಿಲ್ಲ, ಅಲ್ವಾ? ಶಿಫ್ಟ್ ಮುಗಿದು ಹೊರಗೆ ಬಂದವರು ಸೀದಾ ಎದುರಿನ ಚಹಾದಂಗಡಿಗೆ ಹೋಗುತ್ತಾರೆ. ಒಂದು ಕೈಯಲ್ಲಿ ಅರ್ಧ ಚಹಾ, ಇನ್ನೊಂದು ಕೈಯಲ್ಲಿ ಸಿಗರೇಟ್. ಮೊದಲ ಎರಡು ಎಳೆತ ಆಗುವ ತನಕ ಒಬ್ಬರೂ ಬಾಯಿ ಬಿಡುವುದಿಲ್ಲ. ಆಮೇಲೆ ನಗು, ಹರಟೆ. ಅದೇ ಗುಂಪಿನಲ್ಲಿ ಸೇದದವನು ಒಬ್ಬನಾದರೂ ಇರುತ್ತಾನೆ. ಅವನು ಗೇಟ್ ದಾಟುವಾಗಲೇ ಹರಟುತ್ತಾ ಬಂದಿರುತ್ತಾನೆ. ಅವನಿಗೂ ಅದೇ ಕಾವು, ಅದೇ ಸೂಪರ್‌ವೈಸರ್, ಅದೇ ಎಂಟು ಗಂಟೆ. ಕೆಲಸದ ಟೆನ್ಷನ್ ಇಬ್ಬರದೂ ಒಂದೇ. ನಿಮಗೆ ಅದರ ಮೇಲೆ ನಿಕೋಟಿನ್ ಟೆನ್ಷನ್ ಬೇರೆ.

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 26 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದ ಲೆಕ್ಕ ಬಂತು. ಬಿಟ್ಟು ಕನಿಷ್ಠ ಆರು ವಾರ ದಾಟಿದವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಮೊದಲಿಗಿಂತ ಕಡಿಮೆಯಾಗಿದ್ದವು. ಸೇದುತ್ತಲೇ ಇದ್ದವರಲ್ಲಿ ಹಾಗಾಗಿರಲಿಲ್ಲ. ಖಿನ್ನತೆಗೆ ಕೊಡುವ ಮಾತ್ರೆಗಳಿಂದ ಎಷ್ಟು ಗುಣ ಸಿಗುತ್ತದೋ ಹೆಚ್ಚುಕಡಿಮೆ ಅಷ್ಟೇ ಗುಣ. ಮೊದಲೇ ಮಾನಸಿಕ ಕಾಯಿಲೆ ಇದ್ದವರಲ್ಲೂ ಹೀಗೇ. ಅಂದರೆ ನಿಮ್ಮ ಎದೆಗೂ ತಲೆಗೂ ಜಗಳವೇ ಇಲ್ಲ. ಎರಡಕ್ಕೂ ಒಂದೇ ಔಷಧಿ.

ಮನಸ್ಸಿಗೆ ಆಗುವ ಇನ್ನೊಂದು ತೊಂದರೆ ಇದೆ, ಅದನ್ನು ಯಾವ ಅಧ್ಯಯನವೂ ಸರಿಯಾಗಿ ಹಿಡಿಯಲಾರದು. ಕದ್ದು ಸೇದುವ ಕಷ್ಟ. ಅಪ್ಪ ಎದುರಿಗೆ ಬಂದರೆ ಕೈ ಹಿಂದಕ್ಕೆ. ಮನೆಗೆ ಹೋಗುವ ಮುಂಚೆ ಬಾಯಿಗೆ ಸೋಂಪು. ಮಗಳು ಓಡಿ ಬಂದರೆ ಮುಖ ಆಚೆ ತಿರುಗಿಸುವುದು. ನನ್ನ ಹತ್ತಿರ ಬರುವ ಗಂಡಸರು ಶ್ವಾಸಕೋಶದ ಬಗ್ಗೆ ಎರಡು ಮಾತು ಆಡಿದರೆ ಇದರ ಬಗ್ಗೆ ಹತ್ತು ಆಡುತ್ತಾರೆ. ಅದಕ್ಕೇ ನಾನು ಯಾರಿಗೂ ಬೈಯುವುದಿಲ್ಲ. ಬೈಸಿಕೊಂಡವರು ಹೊರಗೆ ಹೋಗಿ ಮೊದಲು ಮಾಡುವ ಕೆಲಸ ಏನು ಅಂತ ನಿಮಗೇ ಗೊತ್ತು.

ಇನ್ನು ಬೆರಳಿನ ಮಷೀನ್. 98 ನೋಡಿ ನೆಮ್ಮದಿಯಾಗಿದ್ದೀರಿ. ಆ ಮಷೀನ್‌ಗೆ ಸಿಗರೇಟ್ ಸೇದುವವರ ವಿಷಯದಲ್ಲಿ ಒಂದು ದೊಡ್ಡ ಕೊರತೆ ಇದೆ. ಸಿಗರೇಟ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಸ್ಟೀಲ್ ಕಾರ್ಖಾನೆಯವರಿಗೆ ಈ ಹೆಸರು ಹೊಸದಲ್ಲ. ಬ್ಲಾಸ್ಟ್ ಫರ್ನೇಸ್ ಹತ್ತಿರ ಹೋಗುವಾಗ ಜೇಬಿಗೆ ಸಿಕ್ಕಿಸಿಕೊಳ್ಳುವ ಗ್ಯಾಸ್ ಮೀಟರ್ ಪೀಂ ಅನ್ನುವುದು ಇದೇ ಅನಿಲಕ್ಕೆ. ಅದು ಕೂಗಿದರೆ ಎಲ್ಲರೂ ಜಾಗ ಬಿಟ್ಟು ಓಡುತ್ತೀರಿ, ಹೊರಗೆ ಬಂದು ಅದನ್ನೇ ದುಡ್ಡು ಕೊಟ್ಟು ಎಳೆಯುತ್ತೀರಿ! ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಕ್ಸಿಜನ್ ಕೂರಬೇಕಾದ ಜಾಗದಲ್ಲಿ ಅದು ಕೂತಿರುತ್ತದೆ. ಬೆರಳಿನ ಮಷೀನ್‌ಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡನ್ನೂ ಸೇರಿಸಿ ಆಕ್ಸಿಜನ್ ಅಂತಲೇ ತೋರಿಸುತ್ತದೆ. ಅದೂ ಅಲ್ಲದೆ, ಶ್ವಾಸಕೋಶ ಸಾಕಷ್ಟು ಹಾಳಾಗುವ ತನಕ ಈ ನಂಬರ್ ಇಳಿಯುವುದೇ ಇಲ್ಲ. ಎಕ್ಸ್‌ರೇ ಕೂಡ ಶುರುವಿನಲ್ಲಿ ಚೆನ್ನಾಗಿಯೇ ಕಾಣಬಹುದು.

ನಿಮಗೆ ಬೇಕಾದದ್ದು ಸ್ಪೈರೊಮೆಟ್ರಿ ಅನ್ನೋ ಊದುವ ಪರೀಕ್ಷೆ. ಮೂಗಿಗೆ ಕ್ಲಿಪ್ ಹಾಕುತ್ತಾರೆ. ಎದೆ ತುಂಬ ಉಸಿರು ಎಳೆದು, ಕೊಳವೆಯಲ್ಲಿ ಒಂದೇ ಸಲ ಜೋರಾಗಿ ಊದಬೇಕು. ಊದಿ ನಿಲ್ಲಿಸಬಾರದು, ಆರು ಸೆಕೆಂಡ್ ತನಕ ಊದುತ್ತಲೇ ಇರಬೇಕು. ಪಕ್ಕದಲ್ಲಿ ನಿಂತವರು ‘ಊದ್ರಿ, ಊದ್ರಿ, ಇನ್ನೂ ಊದ್ರಿ’ ಅಂತ ಕೂಗುತ್ತಾರೆ, ಗಾಬರಿಯಾಗಬೇಡಿ. ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿಗೆ ಎಷ್ಟು ಹೊರಗೆ ಬಂತು ಅನ್ನೋದೇ ಮುಖ್ಯ. ಶ್ವಾಸನಾಳ ಅಗಲಿಸುವ ಔಷಧಿ ಎಳೆದ ಮೇಲೂ ಅದು 70 ಪರ್ಸೆಂಟಿಗಿಂತ ಕಡಿಮೆ ಇದ್ದರೆ ಶ್ವಾಸನಾಳ ಕಟ್ಟಿಕೊಂಡಿದೆ ಅಂತ ಅರ್ಥ. ಬಳ್ಳಾರಿಯ ವಿಮ್ಸ್, ಅಂದರೆ ಈಗಿನ ಬಿಎಂಸಿಆರ್‌ಸಿಗೆ ಹೋಗಿ ಎದೆರೋಗ ವಿಭಾಗದಲ್ಲಿ ಕೇಳಿ. ರಾಯಚೂರಿನವರು ರಿಮ್ಸ್‌ನಲ್ಲಿ, ಕೊಪ್ಪಳದವರು ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ವಿಚಾರಿಸಬಹುದು.

ನಮ್ಮ ಕಡೆಯವರಿಗೆ ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಸಂಡೂರು ರಸ್ತೆಯಲ್ಲಿ ಅದಿರಿನ ದೂಳಿಗೆ ಗಿಡದ ಎಲೆ ಕೂಡ ಕೆಂಪು. ಹಟ್ಟಿಯ ಚಿನ್ನದ ಗಣಿಯವರಿಗೆ ಕಲ್ಲಿನ ದೂಳು, ಗಂಗಾವತಿಯ ರೈಸ್ ಮಿಲ್‌ನವರಿಗೆ ಹೊಟ್ಟಿನ ದೂಳು, ರಾಯಚೂರಿನ ಜಿನ್ನಿಂಗ್ ಮಿಲ್‌ನವರಿಗೆ ಹತ್ತಿಯ ದೂಳು. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಒಳಗೆ ಹೋದ ದೂಳನ್ನು ಕಫದ ಜೊತೆ ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ಹೊಗೆ ಬಿದ್ದರೆ ಅವು ಮಂಕಾಗುತ್ತವೆ, ಆಮೇಲೆ ಉದುರಿಯೂ ಹೋಗುತ್ತವೆ. ದೂಳಿನಲ್ಲಿ ಕೆಲಸ ಮಾಡುತ್ತಾ ಸೇದುವವನಿಗೆ ದೂಳೂ ಒಳಗೆ, ಅದನ್ನು ಹೊರಗೆ ಹಾಕುವವರೂ ಇಲ್ಲ. ರಾತ್ರಿ ಸೇದದೆ ಮಲಗಿದಾಗ ಅವು ಸ್ವಲ್ಪ ಚೇತರಿಸಿಕೊಳ್ಳುತ್ತವೆ, ಅದಕ್ಕೇ ಬೆಳಗ್ಗೆ ಎದ್ದ ಕೂಡಲೇ ಕೆಮ್ಮು. ಇದೇ ಕಾರಣಕ್ಕೆ ಸಿಗರೇಟ್ ಬಿಟ್ಟ ಮೊದಲ ಕೆಲವು ವಾರ ಕೆಮ್ಮು ಜಾಸ್ತಿಯಾಗಬಹುದು. ‘ಬಿಟ್ಟ ಮೇಲೇ ಕೆಮ್ಮು ಬಂತು, ನನಗೆ ಬಿಡೋದು ಆಗಿಬರಲ್ಲ’ ಅಂತ ಮತ್ತೆ ಹಚ್ಚುವವರು ಬಹಳ. ನೀವು ಹಾಗೆ ಮಾಡಬೇಡಿ.

ನಿಮ್ಮ ವಯಸ್ಸಿಗೆ ನನಗೆ ಶ್ವಾಸಕೋಶಕ್ಕಿಂತ ಹೃದಯದ ಚಿಂತೆ ಜಾಸ್ತಿ. ಹೊಗೆ ರಕ್ತವನ್ನು ಬೇಗ ಹೆಪ್ಪುಗಟ್ಟುವ ಹಾಗೆ ಮಾಡುತ್ತದೆ, ರಕ್ತನಾಳದ ಒಳಪದರ ಕೆಡಿಸುತ್ತದೆ, ನಿಕೋಟಿನ್ ಬಡಿತ ಏರಿಸುತ್ತದೆ. ನೈಟ್ ಶಿಫ್ಟ್, ಕಾವು, ಬೆವರು ಮೇಲಿಂದ. ‘ಕಡಿಮೆ ಮಾಡ್ತೀನಿ, ದಿನಕ್ಕೆ ಒಂದೇ’ ಅಂತ ಲೆಕ್ಕ ಹಾಕುವವರಿಗೆ ಒಂದು ಮಾತು. ದಿನಕ್ಕೆ ಒಂದೇ ಒಂದು ಸೇದುವವರಿಗೆ ಇರುವ ಹೆಚ್ಚುವರಿ ಹೃದಯದ ಅಪಾಯ, ದಿನಕ್ಕೆ 20 ಸೇದುವವರ ಅಪಾಯದ ಸುಮಾರು ಅರ್ಧದಷ್ಟು. 2018ರಲ್ಲಿ ಬಂದ ದೊಡ್ಡ ಲೆಕ್ಕ ಇದು. ಇಪ್ಪತ್ತನ್ನು ಒಂದಕ್ಕೆ ಇಳಿಸಿದರೂ ಅಪಾಯ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುವುದಿಲ್ಲ.

ಬೀಡಿ ಸಣ್ಣದು, ಎಲೆಯಲ್ಲಿ ಸುತ್ತಿದ್ದು, ಅದರಿಂದ ಅಷ್ಟೇನೂ ಆಗಲ್ಲ ಅನ್ನೋ ಮಾತಿಗೆ ಅರ್ಥವಿಲ್ಲ. ಆ ಎಲೆಯಲ್ಲಿ ಗಾಳಿಯಾಡುವುದಿಲ್ಲ. ಆರಿ ಹೋಗದಿರಲಿ ಅಂತ ಜೋರಾಗಿ, ಮೇಲಿಂದ ಮೇಲೆ ಎಳೆಯಬೇಕು. ಕಾಲ್ಬೆರಳು ಕಪ್ಪಾಗಿ ಕೊಳೆಯುವ ಬರ್ಗರ್ ಕಾಯಿಲೆ ಬರುವುದು ಹೆಚ್ಚಾಗಿ ನಿಮ್ಮದೇ ವಯಸ್ಸಿನ, ಬೀಡಿ ಸಿಗರೇಟ್ ಸೇದುವ ಗಂಡಸರಿಗೆ. ಇನ್ನು ಗಂಡಸರು ಕೇಳಲು ನಾಚಿಕೊಳ್ಳುವ ತೊಂದರೆಗೂ ಇದೇ ರಕ್ತನಾಳದ ಕಥೆ ಕಾರಣ. ಅದಕ್ಕೆ ಜಾಹೀರಾತಿನ ಮಾತ್ರೆ ಹುಡುಕುವ ಮುಂಚೆ ಸಿಗರೇಟ್ ಬಿಟ್ಟು ನೋಡಿ. ಕ್ಯಾನ್ಸರ್ ಬಗ್ಗೆ ಪ್ಯಾಕಿನ ಮೇಲೇ ಚಿತ್ರ ಇದೆ, ನಾನು ಮತ್ತೆ ಹೇಳುವುದಿಲ್ಲ.

ನಿಮಗೆ ಖುಷಿಯಾಗುವ ಲೆಕ್ಕವೂ ಇದೆ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಅಲ್ಲಿನ ಡಾಕ್ಟರುಗಳನ್ನೇ ಹಿಡಿದು ಅಧ್ಯಯನ ಶುರು ಮಾಡಿದರು. ಸೇದುವ ಡಾಕ್ಟರು, ಸೇದದ ಡಾಕ್ಟರು, ಯಾರು ಎಷ್ಟು ವರ್ಷ ಬದುಕುತ್ತಾರೆ ಅಂತ. 50 ವರ್ಷದ ಲೆಕ್ಕ 2004ರಲ್ಲಿ ಬಂತು. ಸೇದುತ್ತಲೇ ಇದ್ದವರು ಸರಾಸರಿ 10 ವರ್ಷ ಮೊದಲೇ ಹೋದರು. 50ಕ್ಕೆ ಬಿಟ್ಟವರಿಗೆ ಸುಮಾರು 6 ವರ್ಷ ವಾಪಸ್ ಸಿಕ್ಕಿತು, 40ಕ್ಕೆ ಬಿಟ್ಟವರಿಗೆ 9, 30ಕ್ಕೆ ಬಿಟ್ಟವರಿಗೆ ಹೆಚ್ಚುಕಡಿಮೆ ಪೂರ್ತಿ. ನಿಮಗೆ 34. ಹಾಳಾದ ಶ್ವಾಸಕೋಶದ ಭಾಗ ವಾಪಸ್ ಬರುವುದಿಲ್ಲ ನಿಜ, ಆದರೆ ಹಾಳಾಗುವ ವೇಗ ತಗ್ಗುತ್ತದೆ. ಹೃದಯ ಇನ್ನೂ ಬೇಗ ಸುಧಾರಿಸುತ್ತದೆ. ಬಿಟ್ಟ ಒಂದು ವರ್ಷಕ್ಕೆ ಅದರ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ. ರಕ್ತದಲ್ಲಿನ ಕಾರ್ಬನ್ ಮೊನಾಕ್ಸೈಡ್ ಅಂತೂ ಒಂದೆರಡು ದಿನದಲ್ಲೇ ಖಾಲಿ.

ಈ ಸಲ ಬಿಡುವುದು ಹೇಗೆ? ಹಬ್ಬ ನೋಡಬೇಡಿ, ಶಿಫ್ಟ್ ಪಟ್ಟಿ ನೋಡಿ. ವಾರದ ರಜೆಯ ಹಿಂದಿನ ದಿನ ಬಿಟ್ಟರೆ ಕಷ್ಟದ ದಿನ ಮನೆಯಲ್ಲಿ ಕಳೆಯುತ್ತದೆ. ಮೂರನೇ ದಿನಕ್ಕೆ ನೈಟ್ ಶಿಫ್ಟ್ ಬೀಳದ ಹಾಗೆ ನೋಡಿಕೊಳ್ಳಿ. ಸಂಬಳದ ದಿನವೂ ಬೇಡ. ಆ ದಿನ ಪಾರ್ಟಿ ಅಂತ ಕೂತರೆ ಗ್ಲಾಸಿನ ಜೊತೆ ಸಿಗರೇಟ್ ತಾನಾಗೇ ಕೈಗೆ ಬರುತ್ತದೆ.

ಬರೀ ಮನೋಬಲದ ಮೇಲೆ ಬಿಡಬೇಕು ಅನ್ನೋ ಹಟವನ್ನು ನಾನು ಒಪ್ಪುವುದಿಲ್ಲ. ಬಿಪಿಗೆ ಮಾತ್ರೆ ನುಂಗುತ್ತೇವೆ, ಇದಕ್ಕೇಕೆ ಬೇಡ? ನಿಕೋಟಿನ್ ಚೂಯಿಂಗ್ ಗಮ್ 2 ಮಿಲಿಗ್ರಾಂನದು ಮೆಡಿಕಲ್ ಸ್ಟೋರ್‌ನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ಬೇಕಾಗುತ್ತದೆ. ನಿಮಗೂ ಅದೇ ಬೇಕಾಗಬಹುದು, ಡಾಕ್ಟರ ಚೀಟಿ ಪಡೆಯಿರಿ. ಇದನ್ನು ಬಬಲ್ ಗಮ್ ಥರ ಜಗಿದು ರಸ ನುಂಗಿದರೆ ಬಿಕ್ಕಳಿಕೆ, ಹೊಟ್ಟೆಯುರಿ ಬಿಟ್ಟು ಬೇರೇನೂ ಸಿಗದು. ನಿಧಾನ ಜಗಿಯಿರಿ. ನಾಲಿಗೆಗೆ ಮೆಣಸಿನ ಹಾಗೆ ಚುರುಕು ಹತ್ತಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಿ. ಚುರುಕು ಹೋದ ಮೇಲೆ ಮತ್ತೆ ಜಗಿಯಿರಿ. ಹೀಗೆ ಅರ್ಧ ಗಂಟೆ. ಅದಕ್ಕೂ 15 ನಿಮಿಷ ಮುಂಚೆಯಿಂದ ಚಹಾ, ಕಾಫಿ, ಸೋಡಾ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಒಳಗೆ ಇಳಿಯುವುದಿಲ್ಲ.

ಚಹಾದ ಮಾತು ಬಂತಲ್ಲ, ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಹೊಗೆ ಲಿವರನ್ನು ಚುರುಕು ಮಾಡಿ ಚಹಾ, ಕಾಫಿಯ ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಸಿಗರೇಟ್ ಬಿಟ್ಟ ಮೇಲೆ ಆ ವೇಗ ಇಳಿಯುತ್ತದೆ. ಮೊದಲಿನಷ್ಟೇ ಚಹಾ ಕುಡಿದರೆ ಕೆಫೀನ್ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ಇದನ್ನೂ ಸಿಗರೇಟ್ ಬಿಟ್ಟ ಲೆಕ್ಕಕ್ಕೇ ಹಾಕುತ್ತೇವೆ. ಯುಗಾದಿಗೆ ನಿಮಗೆ ಆಗಿದ್ದರಲ್ಲಿ ಇದರ ಪಾಲೂ ಇರಬಹುದು. ಬಿಡುವ ದಿನದಿಂದಲೇ ಚಹಾ ಅರ್ಧಕ್ಕೆ ಇಳಿಸಿ. ಮಾನಸಿಕ ಕಾಯಿಲೆಗೆ ಒಲಾಂಜಪಿನ್, ಕ್ಲೋಜಪಿನ್ ತೆಗೆದುಕೊಳ್ಳುವವರಿಗೂ ಇದೇ ಕಾರಣಕ್ಕೆ ಡೋಸ್ ಬದಲಿಸಬೇಕಾಗಬಹುದು. ಅಂಥವರು ತಮ್ಮ ಡಾಕ್ಟರಿಗೆ ಹೇಳಿಯೇ ಬಿಡಬೇಕು.

ಗಮ್ ಸಾಲದಿದ್ದರೆ ವೆರೆನಿಕ್ಲಿನ್, ಬುಪ್ರೊಪಿಯಾನ್ ಮಾತ್ರೆಗಳಿವೆ. ಡಾಕ್ಟರನ್ನು ಕೇಳದೆ ತೆಗೆದುಕೊಳ್ಳುವಂಥವಲ್ಲ. ಮೂರ್ಛೆ ರೋಗ ಇದ್ದವರಿಗೆ ಬುಪ್ರೊಪಿಯಾನ್ ಆಗುವುದಿಲ್ಲ. ಇವುಗಳಿಂದ ತಲೆ ಕೆಡುತ್ತದೆ ಅನ್ನೋ ಹೆದರಿಕೆ ಮೊದಲು ಇತ್ತು. 8,000ಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂದ ಮೇಲೆ ಆ ಹೆದರಿಕೆ ಬಹಳ ಕಡಿಮೆಯಾಗಿದೆ. ಪ್ಯಾಕಿನ ಮೇಲೆ 1800-11-2356 ಅಂತ ನಂಬರ್ ಇದೆಯಲ್ಲ, ಅದು ಬಿಡಲು ಸಹಾಯ ಮಾಡುವ ಸರ್ಕಾರದ ಉಚಿತ ಫೋನ್. ನಮ್ಮ ಭಾಷೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಮಾತಾಡುತ್ತಾರೆ. ಸಿಗರೇಟ್ ಬದಲು ಗುಟ್ಕಾ, ತಂಬಾಕು ಮಾತ್ರ ಬೇಡವೇ ಬೇಡ. ಬರೀ ಅಡಿಕೆ ಜಗಿದರೂ ಬಾಯಿ ಕ್ಯಾನ್ಸರ್ ಬರುತ್ತದೆ. ತಲಬು ಎದ್ದರೆ ಕೆಲವೇ ನಿಮಿಷ ಇದ್ದು ಹೋಗುತ್ತದೆ. ಅಷ್ಟು ಹೊತ್ತು ಲವಂಗವೋ, ಸೋಂಪೋ, ಒಂದು ಚೊಂಬು ತಣ್ಣೀರೋ ಸಾಕು. ಮೊದಲ ಎರಡು ವಾರ ಗೇಟಿನ ಎದುರಿನ ಅಂಗಡಿ ಬಿಟ್ಟು ಬೇರೆ ಕಡೆ ಚಹಾ ಕುಡಿಯಿರಿ.

ಈ ಉತ್ತರವನ್ನು ಮನೆಯವರಿಗೂ ಓದಲು ಕೊಡಿ. ಅಮ್ಮಾ, ಮೂರನೇ ದಿನ ಇವರು ಕೂಗಾಡಿದರೆ ‘ಸೇದಿ ಬರ್ರಿ’ ಅನ್ನಬೇಡಿ, ‘ಒಂದು ಸುತ್ತು ನಡೆದು ಬರ್ರಿ’ ಅನ್ನಿ. ಲೆಕ್ಕ ಕೇಳುವುದು, ಜೇಬು ಮೂಸುವುದು ಆ ವಾರ ಬೇಡ. ಮಗಳಿಗೆ ಮಾತ್ರ ನೀವೇ, ಅಪ್ಪನಾಗಿ, ಕೂರಿಸಿಕೊಂಡು ಹೇಳಬೇಕು: ಅವತ್ತು ಅಪ್ಪನದು ತಪ್ಪು, ಸಿಗರೇಟ್ ಬಿಡು ಅಂದದ್ದು ನಿನ್ನ ತಪ್ಪಲ್ಲ ಅಂತ. ಇಲ್ಲದಿದ್ದರೆ ತಾನು ಕೇಳಿದ್ದಕ್ಕೇ ಹೀಗಾಯಿತು ಅಂತ ಮಗು ಅಂದುಕೊಳ್ಳುತ್ತದೆ. ಬಿಟ್ಟು ತಿಂಗಳಾದರೂ ಮನಸ್ಸು ಕುಗ್ಗಿಯೇ ಇದ್ದರೆ, ಬದುಕು ಬೇಡ ಅನ್ನೋ ಯೋಚನೆ ಯಾವಾಗಲಾದರೂ ಬಂದರೆ, ಕಾಯದೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಉಚಿತ. ಅಂಥ ಖಿನ್ನತೆ ಸಿಗರೇಟಿನ ಹಿಂದೆ ಮೊದಲಿನಿಂದಲೂ ಅಡಗಿದ್ದಿರಬಹುದು, ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಇದೆಲ್ಲಕ್ಕೂ ಮೊದಲು ಒಂದು ಕೆಲಸ, ಬಿಡುವ ದಿನ ನಿಶ್ಚಯಿಸುವ ತನಕ ಕಾಯಬೇಡಿ. ನಿಮಗೆ ಮೂರು ತಿಂಗಳಿಂದ ಕೆಮ್ಮು. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಆಗಲೇಬೇಕು, ಸೇದುವವರಿಗೆ ಕ್ಷಯ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಉಚಿತ. ಬೆಳಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿ ಬಂದ ಕಫ ಬೇಕು, ಬರೀ ಎಂಜಲು ಕೊಟ್ಟರೆ ಪ್ರಯೋಜನವಿಲ್ಲ. ಈ ವಾರದಲ್ಲೇ ಹೋಗಿ ಬನ್ನಿ. ಕಫದಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ, ನಡೆಯುವಾಗ ಎದೆ ಹಿಡಿದ ಹಾಗಾದರೆ ವಾರವೂ ಕಾಯದೆ ಅವತ್ತೇ ಹೋಗಿ.